ವಸಾಹತು ಕಾಲದ ನೋಟುಗಳು: ವಿನ್ಯಾಸ, ಮೌಲ್ಯ ಮತ್ತು ಬಳಕೆಯ ಗುರುತುಗಳು

ಜನಪದ ವಸ್ತುಸಂಸ್ಕೃತಿಯ ಅಧ್ಯಯನದಲ್ಲಿ ಬೀಸುಕಲ್ಲು, ಒನಕೆ, ಸೇರು, ಕೊಳಗಗಳಿಗೆ ದೊರೆತಿರುವ ಸ್ಥಾನ ಕಾಗದದ ಹಣಕ್ಕೆ ದೊರೆತಿಲ್ಲ. ನೋಟು ಪ್ರಭುತ್ವದ ಸೃಷ್ಟಿಯೇ ಹೊರತು ಜನಪದರ ಸೃಷ್ಟಿಯಲ್ಲ ಎಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಅದು ಹುಟ್ಟಿದ್ದು ಸರ್ಕಾರದ ಆಜ್ಞೆಯಿಂದಲಾದರೂ ಬಾಳಿದ್ದು ಸಂತೆಯಲ್ಲಿ, ಚಿನಿವಾರನ ಅಂಗಡಿಯಲ್ಲಿ, ಎಲೆಯಡಿಕೆಯ ಸಂಚಿಯಲ್ಲಿ. ಆದುದರಿಂದ ಹಳೆಯ ನೋಟೊಂದರ ಮೌಲ್ಯವನ್ನು ಮೂರು ನೆಲೆಗಳಲ್ಲಿ ಗುರುತಿಸಬೇಕಾಗುತ್ತದೆ. ಮೊದಲನೆಯದು ಅದರ ಮೇಲೆ ಅಚ್ಚಾದ ಮುಖಬೆಲೆ. ಎರಡನೆಯದು ಸಂಗ್ರಾಹಕರ ಮಾರುಕಟ್ಟೆಯಲ್ಲಿ ಅದಕ್ಕೆ ದೊರೆಯುವ ಬೆಲೆ. ಮೂರನೆಯದು ಜನಜೀವನದ ದಾಖಲೆಯಾಗಿ ಅದಕ್ಕಿರುವ ಸಾಕ್ಷ್ಯಮೌಲ್ಯ. ಎರಡನೆಯದನ್ನು ಹೆಚ್ಚಿಸುವ ಆತುರದಲ್ಲಿ ಮೂರನೆಯದು ಹಲವೊಮ್ಮೆ ನಾಶವಾಗುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಭಾರತದಲ್ಲಿ ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದಲೇ ಖಾಸಗಿ ಬ್ಯಾಂಕುಗಳ ನೋಟುಗಳು ಬಳಕೆಯಲ್ಲಿದ್ದವು. ಅನಂತರ ಬಂಗಾಳ, ಬೊಂಬಾಯಿ ಮತ್ತು ಮದರಾಸು ಪ್ರೆಸಿಡೆನ್ಸಿ ಬ್ಯಾಂಕುಗಳು ತಮ್ಮ ತಮ್ಮ ನೋಟುಗಳನ್ನು ಹೊರಡಿಸಿದವು. ಇವು ದೊಡ್ಡ ನಗರಗಳ ವರ್ತಕರ ನಡುವೆ ಓಡಾಡಿದವೇ ಹೊರತು ಹಳ್ಳಿಗಳನ್ನು ಅಷ್ಟಾಗಿ ಮುಟ್ಟಲಿಲ್ಲ. ವೈಸರಾಯರ ಮಂಡಳಿಯ ಮೊದಲ ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ ಸರ್ಕಾರಿ ಕಾಗದದ ಹಣದ ಯೋಜನೆಯನ್ನು ಮುಂದಿಟ್ಟು 1860ರಲ್ಲಿ ತೀರಿಕೊಂಡರು. ಮರುವರ್ಷ ಕಾಗದದ ಹಣದ ಶಾಸನ ಜಾರಿಯಾಗಿ ನೋಟು ಹೊರಡಿಸುವ ಅಧಿಕಾರ ಸರ್ಕಾರಕ್ಕೆ ಮಾತ್ರ ಸೇರಿತು.

ಈ ಶಾಸನದಡಿ ಬಂದ ಮೊದಲ ನೋಟುಗಳು ವಿಕ್ಟೋರಿಯಾ ರಾಣಿಯ ಚಿಕ್ಕ ಭಾವಚಿತ್ರವನ್ನು ಹೊತ್ತಿದ್ದವು. ಒಂದೇ ಮಗ್ಗುಲಲ್ಲಿ ಮುದ್ರಣ, ಎರಡು ಭಾಷೆಗಳಲ್ಲಿ ಮೊತ್ತದ ಬರಹ, ಇಂಗ್ಲೆಂಡಿನ ಲೇವರ್‌ಸ್ಟೋಕ್ ಗಿರಣಿಯಲ್ಲಿ ಕೈಯಿಂದ ತಯಾರಾದ ಕಾಗದ, ಬೆಳಕಿಗೆ ಹಿಡಿದಾಗ ಕಾಣುವ ನೀರುಗುರುತು ಇವು ಅವುಗಳ ಲಕ್ಷಣಗಳು. ಬೆಳ್ಳಿಯ ರೂಪಾಯಿಯನ್ನು ಕಲ್ಲಿನ ಮೇಲೆ ಕುಟ್ಟಿ ಅದರ ನಾದದಿಂದ ಪರೀಕ್ಷಿಸುತ್ತಿದ್ದ ಸಮಾಜಕ್ಕೆ ಕಾಗದ ಹೊಸ ಬಗೆಯ ಪರೀಕ್ಷೆಯನ್ನು ಕಲಿಸಿತು. ಕಿವಿ ಮಾಡುತ್ತಿದ್ದ ಕೆಲಸ ಕಣ್ಣಿಗೆ ಬಂತು. ಆದರೆ ಖೋಟಾ ನೋಟುಗಳು ಹೆಚ್ಚಿದ್ದರಿಂದ ಈ ಶ್ರೇಣಿಯನ್ನು ಹಿಂತೆಗೆದುಕೊಂಡು 1867ರಿಂದ ಬೇರೊಂದು ವಿನ್ಯಾಸವನ್ನು ತರಲಾಯಿತು. ಅದರಲ್ಲಿ ರಾಣಿಯ ಮುಖವಿರಲಿಲ್ಲ. ಅಕ್ಷರಗಳ ಅಡಿಯಲ್ಲಿ ಹೆಣೆದುಕೊಂಡ ಬಣ್ಣದ ರೇಖೆಗಳ ಜಾಲವಿತ್ತು. ಸಂಗ್ರಾಹಕರು ಇದನ್ನು ಅಡಿಮುದ್ರಣದ ಶ್ರೇಣಿ ಎಂದು ಗುರುತಿಸುತ್ತಾರೆ.

ಈ ನೋಟುಗಳನ್ನು ಓದುವಾಗ ಮೊದಲು ನೋಡಬೇಕಾದುದು ಅವು ಹೊರಟ ಸ್ಥಳ. ಕಲ್ಕತ್ತ, ಬೊಂಬಾಯಿ, ಮದರಾಸು, ಲಾಹೋರು, ಕರಾಚಿ, ರಂಗೂನು ಮೊದಲಾದ ಕರೆನ್ಸಿ ವಲಯಗಳಿದ್ದು, ಒಂದು ವಲಯದ ನೋಟು ಆ ವಲಯದೊಳಗೆ ಮಾತ್ರ ಕಾನೂನುಬದ್ಧ ಹಣವಾಗಿತ್ತು. ಕನ್ನಡ ನಾಡಿನ ಸ್ಥಿತಿಯನ್ನು ನೆನೆದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಬಳ್ಳಾರಿ ಮತ್ತು ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿದ್ದವು. ಧಾರವಾಡ, ಬೆಳಗಾವಿಗಳು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದವು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಬೇರ್ಪಡಿಸಿ ಬೊಂಬಾಯಿಗೆ ಸೇರಿಸಲಾಯಿತು. ಬೇರೆ ವಲಯದ ನೋಟನ್ನು ತೆಗೆದುಕೊಳ್ಳಲೇಬೇಕೆಂಬ ಕಟ್ಟುಪಾಡು ಇಲ್ಲದಿದ್ದಾಗ ಅದಕ್ಕೆ ವಟ್ಟ ಕಳೆಯುವುದು ಪೇಟೆಯ ಸಹಜ ನಡೆ. ಹೀಗಾಗಿ ಒಂದೇ ಭಾಷೆಯಾಡುವ ಜನರ ನಡುವೆಯೂ ಕಾಗದದ ಹಣಕ್ಕೆ ಗಡಿಯಿತ್ತು. ಐದು ರೂಪಾಯಿಯ ನೋಟಿಗೆ ಈ ಗಡಿ 1903ರಲ್ಲಿ ಬರ್ಮಾದ ಹೊರತು ಉಳಿದ ಬ್ರಿಟಿಷ್ ಭಾರತದಲ್ಲಿ ಅಳಿಯಿತು. ಹತ್ತು ಮತ್ತು ಐವತ್ತರ ನೋಟುಗಳಿಗೆ 1910ರಲ್ಲಿಯೂ ನೂರರ ನೋಟಿಗೆ 1911ರಲ್ಲಿಯೂ ಅದೇ ಸೌಲಭ್ಯ ದೊರೆಯಿತು.

ಎರಡನೆಯದಾಗಿ ಗಮನಿಸಬೇಕಾದುದು ಭಾಷಾಪಟ್ಟಿಕೆ. ಅಡಿಮುದ್ರಣದ ಹಸಿರು ಶ್ರೇಣಿಯಲ್ಲಿ ನಾಲ್ಕು ಭಾಷೆಗಳಿದ್ದು ವಲಯಕ್ಕೆ ತಕ್ಕಂತೆ ಅವು ಬದಲಾಗುತ್ತಿದ್ದವು. ಮುಂದಿನ ಕೆಂಪು ಶ್ರೇಣಿಯಲ್ಲಿ ಅವು ಎಂಟಕ್ಕೇರಿದವು. ಸರ್ಕಾರದ ವಾಗ್ದಾನವು ಇಂಗ್ಲಿಷಿನಲ್ಲಿಯೇ ಉಳಿದರೂ ಮೊತ್ತವನ್ನು ಮಾತ್ರ ಜನರ ಲಿಪಿಗಳಲ್ಲಿ ಹೇಳಬೇಕಾಯಿತು. ಆಳುವವರ ಮಾತನ್ನು ನಂಬಿಸಲು ಆಳಿಸಿಕೊಳ್ಳುವವರ ಅಕ್ಷರದ ನೆರವು ಬೇಕಾಯಿತು ಎಂಬುದನ್ನು ಈ ಪಟ್ಟಿಕೆಗಳು ಸೂಚಿಸುತ್ತವೆ.

ಒಂದನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಅಭಾವ ತಲೆದೋರಿದಾಗ 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ಬಂದಿತು. ಅದರ ಬೆನ್ನಿಗೇ ಎರಡು ರೂಪಾಯಿ ಎಂಟಾಣೆಯ, ಅಂದರೆ ಎರಡೂವರೆ ರೂಪಾಯಿಯ ನೋಟು ಹೊರಟಿತು. ಒಂದು ರೂಪಾಯಿಯ ನೋಟಿನ ವಿನ್ಯಾಸ ವಿಶೇಷವಾದುದು. ಅದರ ಮೇಲೆ ಐದನೆಯ ಜಾರ್ಜ್ ದೊರೆಯ ಬೆಳ್ಳಿ ನಾಣ್ಯದ ಚಿತ್ರವಿದೆ. ಹಿಂಬದಿಯಲ್ಲಿ ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಮೊತ್ತವಿದೆ. ಕೈಗೆ ಬೆಳ್ಳಿಯನ್ನು ಕೊಡಲಾರದ ಸರ್ಕಾರ ಅದರ ಚಿತ್ರವನ್ನಾದರೂ ಕೊಟ್ಟು ನಂಬಿಕೆಯನ್ನು ಉಳಿಸಿಕೊಳ್ಳಲು ಯತ್ನಿಸಿತು ಎನ್ನಬಹುದು. ಇವೆರಡೂ 1926ರಲ್ಲಿ ನಿಂತವು. ಒಂದು ರೂಪಾಯಿಯ ನೋಟು 1940ರಲ್ಲಿ ಮರಳಿ ಬಂದಿತು. ಎರಡೂವರೆಯದು ಮತ್ತೆ ಬರಲಿಲ್ಲ. ಅದರ ಬೇಡಿಕೆಗೆ ಈ ಅಲ್ಪಾಯುಷ್ಯವೂ ಒಂದು ಕಾರಣ.

ಹೈದರಾಬಾದ್ ಸಂಸ್ಥಾನದ ನೋಟುಗಳು ಕನ್ನಡದ ದೃಷ್ಟಿಯಿಂದ ಪ್ರತ್ಯೇಕ ಪರಿಶೀಲನೆಗೆ ಅರ್ಹವಾಗಿವೆ. 1918ರ ಶಾಸನದಡಿ ನಿಜಾಮ ಸರ್ಕಾರ ಹೊರಡಿಸಿದ ಈ ನೋಟುಗಳಲ್ಲಿ ಉರ್ದು, ಇಂಗ್ಲಿಷುಗಳ ಜೊತೆಗೆ ತೆಲುಗು, ಮರಾಠಿ ಮತ್ತು ಕನ್ನಡ ಬರಹಗಳಿವೆ. ಕಲಬುರಗಿ, ರಾಯಚೂರು, ಬೀದರ ಪ್ರದೇಶಗಳ ಬಳಕೆದಾರರು ಹಾಲಿ ಸಿಕ್ಕಾ ಎಂದರೆ ನಿಜಾಮನ ಹಣವೆಂದೂ ಕಲ್ದಾರ ಎಂದರೆ ಬ್ರಿಟಿಷರ ಹಣವೆಂದೂ ತಿಳಿಯುತ್ತಿದ್ದರು. ಎರಡರ ಬೆಲೆಯೂ ಒಂದೇ ಆಗಿರಲಿಲ್ಲವಾದ್ದರಿಂದ ಪ್ರತಿ ವ್ಯವಹಾರದಲ್ಲಿಯೂ ಈ ಭೇದವನ್ನು ಅರಿತಿರಬೇಕಾಗಿತ್ತು. ಈ ನೋಟುಗಳಲ್ಲೊಂದು ವಿಚಿತ್ರ ಗುಂಪೂ ಇದೆ. ‘ಈಜಿಪ್ಟ್’ ಎಂಬ ಹಡಗು 1922ರ ಮೇ ತಿಂಗಳಲ್ಲಿ ಫ್ರಾನ್ಸಿನ ಕರಾವಳಿಯಾಚೆ ಮುಳುಗಿದಾಗ ಹೈದರಾಬಾದಿಗೆ ಹೊರಟಿದ್ದ ನೋಟುಗಳೂ ಮುಳುಗಿದವು. ಸುಮಾರು ಹತ್ತು ವರ್ಷಗಳ ನಂತರ ಅವುಗಳಲ್ಲಿ ಕೆಲವನ್ನು ಮೇಲೆತ್ತಲಾಯಿತು. ಯಾವ ಸಂತೆಯನ್ನೂ ಕಾಣದ ಈ ನೋಟುಗಳ ಬೆಲೆ ನಿಂತಿರುವುದು ಅವುಗಳ ಕಥೆಯ ಮೇಲೆಯೇ.

1923ರಿಂದ ದೊರೆಯ ಭಾವಚಿತ್ರದ ದೊಡ್ಡ ನೋಟುಗಳು ಬಂದವು. ಬಳಿಕ ನಾಸಿಕದಲ್ಲಿ ಮುದ್ರಣಾಲಯ ಸ್ಥಾಪನೆಯಾಗಿ ನೋಟುಗಳು ಭಾರತದಲ್ಲಿಯೇ ಅಚ್ಚಾಗತೊಡಗಿದವು. 1935ರಲ್ಲಿ ಸ್ಥಾಪನೆಯಾದ ರಿಸರ್ವ್ ಬ್ಯಾಂಕು ತನ್ನ ಮೊದಲ ನೋಟನ್ನು, ಅಂದರೆ ಆರನೆಯ ಜಾರ್ಜ್ ದೊರೆಯ ಚಿತ್ರವಿದ್ದ ಐದು ರೂಪಾಯಿಯದನ್ನು, 1938ರ ಜನವರಿಯಲ್ಲಿ ಹೊರಡಿಸಿತು. ಅದರ ಮೇಲಿದ್ದುದು ಎರಡನೆಯ ಗವರ್ನರ್ ಜೇಮ್ಸ್ ಟೇಲರರ ಸಹಿ. ಅವರ ನಂತರ ಬಂದ ಸಿ.ಡಿ. ದೇಶಮುಖರು ರಿಸರ್ವ್ ಬ್ಯಾಂಕಿನ ನೋಟುಗಳಿಗೆ ಸಹಿ ಹಾಕಿದ ಮೊದಲ ಭಾರತೀಯ ಗವರ್ನರ್. ಯುದ್ಧಕಾಲದ ಖೋಟಾ ನೋಟುಗಳನ್ನು ತಡೆಯಲು 1944ರಲ್ಲಿ ಕಾಗದದೊಳಗೆ ಭದ್ರತಾ ಎಳೆ ಸೇರಿತು. 1946ರ ಜನವರಿಯಲ್ಲಿ ಐನೂರು, ಸಾವಿರ ಮತ್ತು ಹತ್ತು ಸಾವಿರ ರೂಪಾಯಿಯ ನೋಟುಗಳು ರದ್ದಾದವು. ಮುಖಬೆಲೆ ಎಷ್ಟು ಅಸ್ಥಿರವೆಂಬುದಕ್ಕೆ ಇದೇ ನಿದರ್ಶನ.

ಮಾರುಕಟ್ಟೆಯ ಬೆಲೆಯನ್ನು ನಿರ್ಧರಿಸುವುದು ಕೇವಲ ಹಳಮೆಯಲ್ಲ. ಎಷ್ಟು ಪ್ರತಿಗಳು ಉಳಿದಿವೆ, ಯಾವ ವಲಯ, ಯಾರ ಸಹಿ, ಯಾವ ದಿನಾಂಕ, ಕಾಗದದ ಸ್ಥಿತಿ ಹೇಗಿದೆ ಎಂಬ ಅಂಶಗಳು ಒಟ್ಟಾಗಿ ಅದನ್ನು ತೀರ್ಮಾನಿಸುತ್ತವೆ. ಅಪಾರ ಸಂಖ್ಯೆಯಲ್ಲಿ ಉಳಿದಿರುವ ಆರನೆಯ ಜಾರ್ಜ್ ಕಾಲದ ಸಣ್ಣ ನೋಟಿಗಿಂತ ವಿರಳವಾದ ವಲಯದ ನೋಟೊಂದು, ಮಾಸಿದ್ದರೂ, ಎಷ್ಟೋ ಪಾಲು ಹೆಚ್ಚು ಬೆಲೆ ಪಡೆಯಬಲ್ಲದು. ಆದರೆ ಒಂದೇ ಬಗೆಯ ಎರಡು ನೋಟುಗಳಲ್ಲಿ ಮಡಿಕೆಯಿಲ್ಲದ, ಕಲೆಯಿಲ್ಲದ ಪ್ರತಿಗೇ ಮಾರುಕಟ್ಟೆಯಲ್ಲಿ ಮನ್ನಣೆ.

ಸಾಕ್ಷ್ಯಮೌಲ್ಯದ ದಾರಿ ಇದಕ್ಕೆ ವಿರುದ್ಧವಾದುದು. ದೊಡ್ಡ ಮೊತ್ತದ ನೋಟನ್ನು ಅಂಚೆಯಲ್ಲಿ ಕಳುಹಿಸುವಾಗ ಅದನ್ನು ಎರಡು ಹೋಳಾಗಿ ಕತ್ತರಿಸಿ, ಒಂದು ಹೋಳು ತಲುಪಿದ ಸುದ್ದಿ ಬಂದ ಮೇಲೆ ಇನ್ನೊಂದನ್ನು ಕಳುಹಿಸುವ ಪದ್ಧತಿಯಿತ್ತು. ಪಡೆದವನು ಎರಡನ್ನೂ ಹಿಂಬದಿಯಲ್ಲಿ ಕಾಗದದ ಪಟ್ಟಿಯಿಂದ ಅಂಟಿಸುತ್ತಿದ್ದ. ದಾರಿಗಳ್ಳತನದ ಭಯವನ್ನೂ ಅದಕ್ಕೆ ವರ್ತಕರು ಕಂಡುಕೊಂಡ ಉಪಾಯವನ್ನೂ ಆ ಜೋಡಣೆಯ ಗೆರೆಯೊಂದೇ ಹೇಳುತ್ತದೆ. ಹಿಂಬದಿಯಲ್ಲಿ ಮಸಿಯಿಂದ ಬರೆದ ಹೆಸರು, ಅಂಗಡಿಯ ಮೊಹರು, ಲೆಕ್ಕದ ಅಂಕಿ, ಕಟ್ಟು ಚುಚ್ಚಿದ ರಂಧ್ರ ಇವೆಲ್ಲ ಬಳಸಿದವರು ಬಿಟ್ಟುಹೋದ ಬರಹಗಳು. ಸರ್ಕಾರದ ಕಾಗದದ ಮೇಲೆ ಜನರ ಸಹಿ ಇರುವುದು ಇಲ್ಲಿಯೇ.

ಇಂತಹ ನೋಟನ್ನು ತೊಳೆದು, ಇಸ್ತ್ರಿ ಮಾಡಿ, ಹಳೆಯ ಪಟ್ಟಿಯನ್ನು ಕಿತ್ತು ಹೊಸದರಂತೆ ತೋರಿಸುವುದು ಎರಡು ಬಗೆಯ ನಷ್ಟ. ಅನುಭವಿ ಸಂಗ್ರಾಹಕರು ಈ ರಿಪೇರಿಯನ್ನು ಗುರುತಿಸಿ ಬೆಲೆ ಇಳಿಸುತ್ತಾರೆ; ಸಾಕ್ಷ್ಯವಂತೂ ಮರಳಿ ಬಾರದು. ಅಂಟುಟೇಪು, ಲ್ಯಾಮಿನೇಷನ್‌ಗಳೂ ಕಾಗದಕ್ಕೆ ಹಾನಿಕರ. ಬಿಸಿಲು, ತೇವಗಳಿಂದ ದೂರವಾಗಿ, ಕಾಗದದೊಡನೆ ಪ್ರತಿಕ್ರಿಯಿಸದ ಪಾರದರ್ಶಕ ಹೊದಿಕೆಯಲ್ಲಿ ಬಿಡಿಸಿ ಇಡುವುದು ಸಾಕು.

ಮುಂಬಯಿಯಲ್ಲಿ 2004ರಲ್ಲಿ ಆರಂಭವಾದ ರಿಸರ್ವ್ ಬ್ಯಾಂಕಿನ ಹಣಕಾಸು ವಸ್ತುಸಂಗ್ರಹಾಲಯವೂ, ಬೆಂಗಳೂರಿನಲ್ಲಿ 2020ರಲ್ಲಿ ರಿಜ್ವಾನ್ ರಜಾಕರ ಸಂಗ್ರಹದಿಂದ ರೂಪುಗೊಂಡ ಭಾರತೀಯ ಕಾಗದದ ಹಣದ ವಸ್ತುಸಂಗ್ರಹಾಲಯವೂ ನೋಟುಗಳ ಚರಿತ್ರೆಯನ್ನು ಒಂದೆಡೆ ನೋಡುವ ಅವಕಾಶ ಒದಗಿಸಿವೆ. ಅವುಗಳ ಹೊರಗೆ, ಮನೆಗಳ ಪೆಟ್ಟಿಗೆಗಳಲ್ಲಿ, ಹಳೆಯ ಲೆಕ್ಕದ ಕಡತಗಳ ನಡುವೆ ಇರಬಹುದಾದ ನೋಟುಗಳ ವಿಚಾರದಲ್ಲಿ ಕ್ಷೇತ್ರಕಾರ್ಯಕರ್ತರ ಹೊಣೆ ದೊಡ್ಡದು. ನೋಟು ಯಾವ ಊರಿನಲ್ಲಿ, ಯಾವ ವೃತ್ತಿಯ ಮನೆಯಲ್ಲಿ, ಯಾವ ಪತ್ರಗಳ ಜೊತೆ ಸಿಕ್ಕಿತು, ಆ ಮನೆಯವರು ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಏಕೆ ಉಳಿಸಿಕೊಂಡರು ಎಂಬ ವಿವರಗಳನ್ನು ಅದು ಕೈಬದಲಾಗುವ ಮೊದಲೇ ಬರೆದಿಡಬೇಕು. ಒಮ್ಮೆ ಮಾರಾಟಗಾರನ ಕಟ್ಟಿಗೆ ಸೇರಿದ ನೋಟಿಗೆ ಬೆಲೆ ಉಳಿಯುತ್ತದೆ, ಊರು ಉಳಿಯುವುದಿಲ್ಲ.