ಗ್ಯಾರೇಜಿನಲ್ಲಿ ಹುಟ್ಟಿದ ಹಾಯಿದೋಣಿ: ಹಳತಾದರೂ ಪಂದ್ಯಕ್ಕೆ ಸೈ

ಮುಂಬಯಿ: ಮಳೆಗಾಲ ಮುಗಿದು ಸಮುದ್ರ ಶಾಂತವಾದೊಡನೆ ಗೇಟ್‌ವೇ ಆಫ್ ಇಂಡಿಯಾದ ಎದುರು ಬಿಳಿ ಹಾಯಿಗಳು ಕಾಣಿಸಿಕೊಳ್ಳುತ್ತವೆ. ಭಾನುವಾರ ಮಕ್ಕಳೊಂದಿಗೆ ಅಲ್ಲಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಇದು ಶ್ರೀಮಂತರ ಆಟವೆಂದು ಮುಂದೆ ಸಾಗುತ್ತಾರೆ. ಕರಾವಳಿಯಿಂದ ಬಂದ ಹಿರಿಯರು ಮಾತ್ರ ಊರಿನ ದೋಣಿಗಳನ್ನು ನೆನೆದು ಒಂದು ಗಳಿಗೆ ನಿಲ್ಲುವುದುಂಟು. ಆದರೆ ಸಾಧಾರಣ ಸಂಬಳದವರೂ ಹಳೆಯ ದೋಣಿಯೊಂದನ್ನು ಕೊಂಡು ಕ್ಲಬ್ ಪಂದ್ಯಕ್ಕಿಳಿಯಬಹುದೆಂದು ತೋರಿಸಿಕೊಟ್ಟ ದೋಣಿಗಳಲ್ಲಿ ಅಮೆರಿಕದ ಜೆ/24 ಪ್ರಮುಖವಾದುದು.

ಇದರ ಜನ್ಮವೃತ್ತಾಂತವೇ ಸ್ವಾರಸ್ಯಕರ. ಕನೆಕ್ಟಿಕಟ್ ರಾಜ್ಯದ ಸ್ಟೋನಿಂಗ್ಟನ್ ಎಂಬ ಕಡಲೂರಿನ ರಾಡ್ ಜಾನ್‌ಸ್ಟೋನ್ ದೋಣಿ ವಿನ್ಯಾಸವನ್ನು ಅಭ್ಯಾಸ ಮಾಡಿದ್ದು ಅಂಚೆ ಶಿಕ್ಷಣದ ಮೂಲಕ. (ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಮುಂಬಯಿ ಕನ್ನಡಿಗರಿಗೆ ಇದು ಆಪ್ತವೆನಿಸೀತು.) ಮನೆಯ ಗ್ಯಾರೇಜಿನಲ್ಲೇ ಅವರು ತಮ್ಮ ದೋಣಿಯನ್ನು ಕಟ್ಟಿದರು. ಗ್ಯಾರೇಜು ಇಕ್ಕಟ್ಟಾದುದರಿಂದ ದೋಣಿಯ ಅಗಲ 9 ಅಡಿಗೆ ಒಂದಿಂಚು ಕಡಿಮೆಯಾಯಿತು. ಉದ್ದ 24 ಅಡಿ. 1976ರಲ್ಲಿ 'ರ್‍ಯಾಗ್‌ಟೈಮ್' ಎಂಬ ಹೆಸರಿನಿಂದ ನೀರಿಗಿಳಿದ ಅದು ಆ ಋತುವಿನಲ್ಲೇ ಪಂದ್ಯಗಳನ್ನು ಗೆದ್ದು ಎಲ್ಲರ ಗಮನ ಸೆಳೆಯಿತು. 1977ರಿಂದ ಕಾರ್ಖಾನೆಯಲ್ಲಿ ತಯಾರಾಗತೊಡಗಿ, ಈವರೆಗೆ ಐದು ಸಾವಿರಕ್ಕೂ ಮಿಕ್ಕಿ ದೋಣಿಗಳು ಹೊರಬಂದಿವೆ.

ಎಲ್ಲ ಜೆ/24 ದೋಣಿಗಳ ಆಕಾರ, ತೂಕ, ಹಾಯಿಯ ಅಳತೆ ನಿಯಮದಂತೆ ಒಂದೇ ಆಗಿರಬೇಕು. ಹೀಗಾಗಿ ಮೂವತ್ತು ವರ್ಷದ ದೋಣಿಯೂ ಹೊಸದರ ಜೊತೆ ಸರಿಸಮನಾಗಿ ಓಡಬಲ್ಲದು. ಹಳತಕ್ಕೆ ಇಂದಿಗೂ ಗಿರಾಕಿಗಳಿರಲು ಇದೇ ಕಾರಣ. ಒಳಗೆ ನಾಲ್ವರು ಮಲಗಲು ಜಾಗವಿದ್ದು, ದಡದುದ್ದಕ್ಕೂ ಒಂದೆರಡು ದಿನದ ಪ್ರವಾಸಕ್ಕೂ ಆಗುತ್ತದೆ. ನೆಟ್ಟಗೆ ನಿಲ್ಲಲಾಗದು, ಚಾಳಿನ ಅಟ್ಟದಲ್ಲಿದ್ದಂತೆ ಬಗ್ಗಿಯೇ ಇರಬೇಕು.

ಆದರೆ ಬಣ್ಣ ಕಂಡು ಮರುಳಾದವರು ಕೈಸುಟ್ಟುಕೊಳ್ಳುವುದೂ ಇಲ್ಲೇ. ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರವನ್ನು ತುಂಬಿರುತ್ತಾರೆ. ಡೆಕ್ಕಿನ ಮೇಲಿನ ಯಾವುದೋ ಒಂದು ಸ್ಕ್ರೂ ಸಡಿಲವಾದರೂ ಸಾಕು, ಆ ರಂಧ್ರದಿಂದ ನೀರಿಳಿದು ಮರ ಒಳಗಿಂದೊಳಗೇ ಕೊಳೆಯುತ್ತದೆ. ಮೇಲ್ನೋಟಕ್ಕೆ ಏನೂ ತಿಳಿಯದು. ತೆಂಗಿನಕಾಯಿ ಬಡಿದು ನೋಡುವಂತೆ ಸುತ್ತಿಗೆಯ ಹಿಡಿಯಿಂದ ಮೆಲ್ಲನೆ ತಟ್ಟುತ್ತ ಹೋಗಬೇಕು. ಟಕ್ ಟಕ್ ಎನ್ನುವಲ್ಲಿ ಗಟ್ಟಿ, ಮಂಕು ಸದ್ದು ಬಂದಲ್ಲಿ ಸಂಶಯ. ನಡೆದಾಗ ಡೆಕ್ಕು ತಗ್ಗಿದರೆ ಬೆಲೆಯ ಮಾತೇ ಬೇಡ. ಹಾಯಿಕಂಬದ ಬುಡವನ್ನೂ, ತಳದಲ್ಲಿ ಬೋಲ್ಟ್ ಹಾಕಿ ಬಿಗಿದ ಸೀಸದ ಕೀಲ್ ದೋಣಿಗೆ ಸೇರುವ ಸಂದನ್ನೂ ಬಗ್ಗಿ ನೋಡಬೇಕು. ದೋಣಿಯ ಒಟ್ಟು ತೂಕದ ಸುಮಾರು ಮೂರನೇ ಒಂದು ಪಾಲು ಈ ಕೀಲಿನಲ್ಲೇ ಇದ್ದು, ಗಾಳಿಗೆ ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಅದೇ.

ಹಾಯಿಗಳದು ಬೇರೆಯೇ ಲೆಕ್ಕ. ಮಾರುವವರು ಕೊಡುವ ಹಾಯಿ ವಿಹಾರಕ್ಕೆ ಸರಿ. ಬಿಸಿಲು ತಿಂದು ಆಕಾರ ಕಳೆದುಕೊಂಡ ಬಟ್ಟೆಯಿಂದ ಪಂದ್ಯ ಗೆಲ್ಲಲಾಗದು. ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿದವರಿಗೆ ಹೊಸ ಹಾಯಿಗಳ ಬಿಲ್ಲು ಬಂದಾಗಲೇ ನಿಜವಾದ ಬೆಲೆ ತಿಳಿಯುವುದು.

ಇನ್ನೊಂದು ಮಾತು. ದೋಣಿ ಪೂರ್ತಿ ವಾಲಿದಾಗ ಹಿಂಬದಿಯ ಪೆಟ್ಟಿಗೆಯ ಮುಚ್ಚಳ ತೆರೆದುಕೊಂಡು, ನೀರು ನುಗ್ಗಿ ಜೆ/24 ದೋಣಿಗಳು ಮುಳುಗಿದ್ದುಂಟು. ಹಣ ಎಣಿಸುವ ಮೊದಲು ಆ ಮುಚ್ಚಳದ ಚಿಲಕ ಬಿಗಿಯಾಗಿ ಕೂರುವುದೇ ಎಂದು ಹಾಕಿ ತೆಗೆದು ನೋಡಬೇಕು.