ಪೊಲೀಸರಿಗೆ ಮನೆಯ ಊಟ: ಹೇಗೆ, ಎಷ್ಟು, ಯಾವಾಗ?

ಪರದೇಶದಲ್ಲಿ ನೆಲೆಸಿರುವ ನಮ್ಮಂಥ ಕುಟುಂಬಗಳಿಗೆ ಪೊಲೀಸ್ ಎಂದೊಡನೆ ನೆನಪಾಗುವುದು ಕಾಗದಪತ್ರ. ಒಮಾನಿನಲ್ಲಿ ವೀಸಾ, ರೆಸಿಡೆಂಟ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ವಾಹನ ನೋಂದಣಿ ಎಲ್ಲವೂ ರಾಯಲ್ ಒಮಾನ್ ಪೊಲೀಸರ ಕೈಯಲ್ಲೇ. ಕೌಂಟರಿನ ಆಚೆ ಅವರು, ಈಚೆ ನಾವು. ಮಸ್ಕತ್‌ನಿಂದ ಸುಮಾರು 200 ಕಿ.ಮೀ. ದೂರದ ಈ ಬಂದರು ಊರು ಸೂರ್‌ನಲ್ಲಿ ನಾವು ನಾಲ್ಕಾರು ಕನ್ನಡ ಮನೆಯವರು, ಡ್ಯೂಟಿಯ ಬಿಡುವಿನಲ್ಲಿರುವ ಪೊಲೀಸರಿಗೆ ಅಪರೂಪಕ್ಕೊಮ್ಮೆ ಊಟ ಹಾಕುತ್ತೇವೆ ಎಂದಾಗ ಊರಿನ ಬಂಧುಗಳು ಕೇಳುವ ಮೊದಲ ಪ್ರಶ್ನೆ: "ಅದು ಲಂಚ ಆಗೋದಿಲ್ವೆ?" ಕೇಳಬೇಕಾದ ಪ್ರಶ್ನೆಯೇ.

ಇದೇನು ಯೋಜನೆ ಹಾಕಿ ಆರಂಭಿಸಿದ್ದಲ್ಲ. ಪಕ್ಕದ ಮನೆಯ ಒಮಾನಿ ಕುಟುಂಬದ ಹುಡುಗ ಪೊಲೀಸ್ ಕೆಲಸದಲ್ಲಿದ್ದಾನೆ. ಈದ್‌ಗೆ ಅವರ ಮನೆಯಿಂದ ಒಂದು ತಟ್ಟೆ ಹಲ್ವಾ ಬಂತು. ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ರೂಢಿ ನಮ್ಮಲ್ಲಿಲ್ಲವಲ್ಲ, ಯುಗಾದಿಗೆ ಒಬ್ಬಟ್ಟು ಹೋಯಿತು. ಮುಂದೊಂದು ಮಧ್ಯಾಹ್ನ ಆತ ತನ್ನ ಜೊತೆಗಾರನನ್ನು ಕರೆದುಕೊಂಡು ಬಂದ. ಅಷ್ಟೇ.

ಈಗ ಲಂಚದ ಮಾತು. ನಮ್ಮ ದೇಶದ ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಇದನ್ನು ಬಹಳ ವಿವೇಕದಿಂದ ಬಿಡಿಸಿವೆ. ಉಡುಗೊರೆಗೆ ಸಂಬಂಧಿಸಿದ 13ನೆಯ ನಿಯಮದ ಟಿಪ್ಪಣಿಯ ಪ್ರಕಾರ, ಅಪರೂಪಕ್ಕೆ ಮಾಡಿದ ಊಟ, ದಾರಿಯಲ್ಲಿ ಕೊಟ್ಟ ಲಿಫ್ಟ್, ಸಾಮಾನ್ಯ ಸಾಮಾಜಿಕ ಆತಿಥ್ಯ ಉಡುಗೊರೆ ಎನಿಸುವುದಿಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತಿದೆ: ತನ್ನೊಡನೆ ಅಧಿಕೃತ ವ್ಯವಹಾರ ಇರುವವರಿಂದ ಅದ್ದೂರಿಯಾದ ಅಥವಾ ಪದೇ ಪದೇ ಆತಿಥ್ಯವನ್ನು ನೌಕರ ಸ್ವೀಕರಿಸಬಾರದು. ಇದು ಭಾರತದ ನಿಯಮ, ಇಲ್ಲಿಯ ಪೊಲೀಸರಿಗೆ ಅನ್ವಯಿಸದು. ಒಮಾನಿನಲ್ಲಿ ಸಾರ್ವಜನಿಕ ಹಣದ ರಕ್ಷಣೆ ಮತ್ತು ಹಿತಾಸಕ್ತಿ ಸಂಘರ್ಷ ತಡೆಗೆ 2011ರ ರಾಜಾಜ್ಞೆ ಬೇರೆಯೇ ಇದೆ. ಆದರೂ ಅಳತೆಗೋಲಾಗಿ ಆ ಟಿಪ್ಪಣಿ ನಮಗೆ ತುಂಬಾ ಉಪಯೋಗಕ್ಕೆ ಬಂದಿದೆ. ಅದ್ದೂರಿ ಬೇಡ, ಪದೇ ಪದೇ ಬೇಡ, ವ್ಯವಹಾರ ಇರುವಾಗ ಬೇಡವೇ ಬೇಡ.

ಈ ಮೂರನೆಯದರಲ್ಲಿ ನಾವು ಕಟ್ಟುನಿಟ್ಟು. ಮನೆಯಲ್ಲಿ ಯಾರದಾದರೂ ವೀಸಾ ಅರ್ಜಿ, ಟ್ರಾಫಿಕ್ ದಂಡ, ಅಪಘಾತದ ಕೇಸು ಬಾಕಿ ಇದ್ದರೆ ಆ ಮನೆಯವರು ಕರೆಯುವಂತಿಲ್ಲ. ಒಮ್ಮೆ ಮಿತ್ರರೊಬ್ಬರು ರೋಡ್ ಟೆಸ್ಟಿನಲ್ಲಿ ಮೂರು ಸಲ ಫೇಲಾಗಿ, "ಪರೀಕ್ಷೆ ಮಾಡುವವರನ್ನೇ ಬಿಸಿಬೇಳೆ ಭಾತ್‌ಗೆ ಕರೆದರೆ ಹೇಗೆ?" ಎಂದರು. ಎಲ್ಲರೂ ನಕ್ಕೆವು. ಅವರು ನಗಲಿಲ್ಲ, ಅವರ ಕೆಲಸ ಆ ಲೈಸೆನ್ಸಿನ ಮೇಲೆ ನಿಂತಿತ್ತು. ಕೆಲವು ದಿನ ನಮ್ಮೊಡನೆ ಮಾತು ಬಿಟ್ಟರು. ಆದರೂ ಒಪ್ಪಲಿಲ್ಲ. ಅಂದು ಒಪ್ಪಿದ್ದರೆ, ಪಕ್ಕದ ಮನೆಯ ಹುಡುಗ ಮತ್ತೆ ನಮ್ಮ ಹೊಸಿಲು ತುಳಿಯುವುದು ಕಷ್ಟವಾಗುತ್ತಿತ್ತು. ಅವನ ಮೇಲಧಿಕಾರಿಗೆ ತಿಳಿಸಿ ಬರುವ ಊಟ ಅದು, ಮುಚ್ಚುಮರೆ ಏನೂ ಇಲ್ಲ.

ಇನ್ನು ಅಡುಗೆ. ಸಸ್ಯಾಹಾರವಾದರೆ ಹಲಾಲ್ ಪ್ರಶ್ನೆಯೇ ಬಹುಪಾಲು ಏಳುವುದಿಲ್ಲ. ಜೆಲಾಟಿನ್ ಇರುವ ಪುಡ್ಡಿಂಗ್, ಆಲ್ಕೋಹಾಲ್ ಬೆರೆತ ವೆನಿಲಾ ಎಸೆನ್ಸ್ ಇವೆರಡನ್ನು ದೂರವಿಟ್ಟರಾಯಿತು. ಖಾರ ಅರ್ಧಕ್ಕಿಳಿಸಿ. ಅನ್ನ ಅವರಿಗೆ ಹೊಸದೇನಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಮಸ್ಕತ್‌ಗೆ ಮಂಗಳೂರಿನಿಂದ ಅಕ್ಕಿ ಬರುತ್ತಿತ್ತು, ಮಸ್ಕತ್‌ನಲ್ಲಿ ಅವನ ವ್ಯಾಪಾರದ ಕೋಠಿಯೂ ಇತ್ತು ಎಂದು ಹೇಳಿದಾಗ ಅವರ ಮುಖದಲ್ಲಿ ಕಂಡ ಖುಷಿ ಚಿತ್ರಾನ್ನಕ್ಕೂ ಸಿಕ್ಕಿರಲಿಲ್ಲ! ಮೊದಲು ಖರ್ಜೂರ ಮತ್ತು ಕಹ್ವಾ, ಆಮೇಲೆ ಊಟ. ಕಹ್ವಾದ ಪುಟ್ಟ ಕಪ್ಪನ್ನು ಅತಿಥಿ ಅತ್ತಿತ್ತ ಅಲ್ಲಾಡಿಸಿದರೆ ಸಾಕು ಎಂದರ್ಥ. ನಮ್ಮ ರೀತಿ ಬಲವಂತ ಮಾಡಿ ಸುರಿಯಬಾರದು. ಬಿಡುವು ಅರ್ಧ ಗಂಟೆ ಸಿಕ್ಕರೆ ಹೆಚ್ಚು, ಆದ್ದರಿಂದ ಅವರು ಬರುವ ಮೊದಲೇ ತಟ್ಟೆ ಸಿದ್ಧವಿರಲಿ. ವೈರ್‌ಲೆಸ್ ಕರೆದರೆ ಅರ್ಧ ಊಟಕ್ಕೇ ಏಳುತ್ತಾರೆ, ಬೇಸರಿಸಬೇಡಿ. ಮನೆಯಲ್ಲಿ ಹೆಂಗಸರೊಬ್ಬರೇ ಇರುವಾಗ ಕರೆಯುವುದಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು ಗ್ರೂಪಿಗೆ ಹಾಕುವುದಂತೂ ಕೂಡದು. ಒಮಾನಿನ 2011ರ ಸೈಬರ್ ಅಪರಾಧ ಕಾನೂನು ಖಾಸಗಿತನದ ವಿಷಯದಲ್ಲಿ ಬಿಗಿಯಾಗಿದೆ, ಮೇಲಾಗಿ ಊಟಕ್ಕೆ ಕೂತವರು ಪ್ರದರ್ಶನದ ವಸ್ತುವಲ್ಲ.

ರಂಜಾನ್ ತಿಂಗಳಲ್ಲಿ ಕ್ರಮ ಬೇರೆ. ಸೂರ್ಯಾಸ್ತದ ವೇಳೆ ಊರೆಲ್ಲ ಮನೆ ಸೇರುವಾಗ ರಸ್ತೆಯಲ್ಲಿ ನಿಂತವರು ಖರ್ಜೂರ, ನೀರಿನಲ್ಲೇ ಉಪವಾಸ ಬಿಡುತ್ತಾರೆ. ಆಗ ಮನೆಗೆ ಕರೆಯುವುದಕ್ಕಿಂತ, ಪಕ್ಕದ ಮನೆಯವರ ತಟ್ಟೆಗಳ ಜೊತೆ ನಮ್ಮದೂ ಒಂದು ಹೋಗುತ್ತದೆ. ಇದಕ್ಕಾಗಿ ಚಂದಾ ಎತ್ತೋಣ ಎಂಬ ಸಲಹೆ ಬಂದಿತ್ತು. ಸದುದ್ದೇಶವೇ, ಆದರೆ ಸಾಮಾಜಿಕ ಅಭಿವೃದ್ಧಿ ಸಚಿವಾಲಯದ ಅನುಮತಿಯಿಲ್ಲದೆ ಸಾರ್ವಜನಿಕರಿಂದ ಹಣ ಸಂಗ್ರಹಿಸುವುದು ಇಲ್ಲಿ ಅಪರಾಧ. ಆದ್ದರಿಂದ ಅವರವರ ಒಲೆ, ಅವರವರ ಅಕ್ಕಿ.

ಇಷ್ಟೆಲ್ಲ ತಾಪತ್ರಯ ಏಕೆ ಎನ್ನುವವರಿಗೆ 2007ರ ಜೂನ್‌ನ ಗೋನು ಚಂಡಮಾರುತವನ್ನು ನೆನಪಿಸಬೇಕು. 2010ರ ಜೂನ್‌ನಲ್ಲಿ ಫೆತ್ ಬಂತು. ಎರಡೂ ಈ ಪೂರ್ವ ಕರಾವಳಿಯನ್ನು ಹೊಡೆದವು. ನಾವೆಲ್ಲ ಒಳಗಿರಬೇಕಾದ ಅಂಥ ರಾತ್ರಿಗಳಲ್ಲಿ ಹೊರಗಿರಬೇಕಾದವರು ಇವರೇ. ನಮ್ಮ ಊರಿನ ಕಡೆಯೂ ಬೇರೆಯಲ್ಲ. ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋಗಾಗಿ ನಡೆದ 2014ರ ಅಧ್ಯಯನದಂತೆ ಭಾರತದ ಠಾಣೆಗಳ ಸಿಬ್ಬಂದಿಯಲ್ಲಿ ಸುಮಾರು ಶೇ. 90ರಷ್ಟು ಜನ ದಿನಕ್ಕೆ 8 ಗಂಟೆಗೂ ಹೆಚ್ಚು ದುಡಿಯುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಎಷ್ಟೋ ಮನೆಗಳಿಂದ ಬ್ಯಾರಿಕೇಡ್ ಬಳಿ ನಿಂತವರಿಗೆ ಮಜ್ಜಿಗೆ, ಊಟ ಹೋದದ್ದು ನಿಮಗೂ ನೆನಪಿರಬಹುದು.

ನಮ್ಮ ಮಕ್ಕಳು ಮೊದಮೊದಲು ಯೂನಿಫಾರ್ಮ್ ಕಂಡು ಅಡುಗೆಮನೆ ಸೇರುತ್ತಿದ್ದರು. ಈಗ ಶಾಲೆಯಲ್ಲಿ ಕಲಿತ ಅರಬ್ಬಿಯನ್ನು ಅವರ ಮೇಲೆ ಪ್ರಯೋಗಿಸಿ ತಪ್ಪು ತಿದ್ದಿಸಿಕೊಳ್ಳುತ್ತಾರೆ. ಲೈಸೆನ್ಸಿನ ಮಿತ್ರರು ಐದನೆಯ ಸಲಕ್ಕೆ ಪಾಸಾದರು. ಕಳೆದ ಬಾರಿ ಬಿಸಿಬೇಳೆ ಭಾತ್ ಅವರ ಮನೆಯಿಂದಲೇ ಬಂದಿತ್ತು, ಖಾರ ಮಾತ್ರ ಇಳಿಸಿರಲಿಲ್ಲ.