ಸೈಲೆನ್ಸರ್ ಶಬ್ದ ಬದಲಾಗೈತಾ? ಮೊದಲು ಕಾರಣ ಹುಡುಕ್ರಿ

ಕಾರು, ಪಿಕಪ್, ಟ್ರ್ಯಾಕ್ಟರ್, ಬೈಕ್. ಕೊಪ್ಪಳ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಇವುಗಳಲ್ಲಿ ಒಂದಾದರೂ ಮನೆ ಮುಂದೆ ನಿಂತಿರುತ್ತದೆ. ಗಂಗಾವತಿ, ಕಾರಟಗಿ ಕಡೆ ಕಾಲುವೆ ನೀರು, ಕೆಸರು. ಕುಷ್ಟಗಿ, ಯಲಬುರ್ಗಾ ಕಡೆ ಕಲ್ಲು ದಾರಿ, ಹೊಲದ ದಾರಿ. ಎರಡೂ ಕಡೆ ಪೆಟ್ಟು ತಿನ್ನುವುದು ಗಾಡಿಯ ಕೆಳಗಿರುವ ಸೈಲೆನ್ಸರ್.

ಸೈಲೆನ್ಸರ್ ಶಬ್ದ ಎರಡು ರೀತಿ ಬದಲಾಗುತ್ತದೆ. ಒಂದು, ಎಲ್ಲೋ ತೂತು ಬಿದ್ದು, ಬೋಲ್ಟ್ ಸಡಿಲಾಗಿ ತಾನಾಗಿಯೇ ಬದಲಾಗುವುದು. ಇದರಲ್ಲಿ ಅರ್ಧ ಕೆಲಸ ನೀವೇ ಮನೆಯಲ್ಲಿ ಮಾಡಿಕೊಳ್ಳಬಹುದು. ಇನ್ನೊಂದು, "ಸೌಂಡ್ ಬರಲಿ" ಅಂತ ನಾವೇ ಬದಲಾಯಿಸುವುದು. ಇದರಲ್ಲಿ ಲಾಭ ಇಲ್ಲ, ದಂಡ ಐತಿ. ಈ ವಾರ ಎರಡನ್ನೂ ನೋಡೋಣ.

ಶಬ್ದ ಎಲ್ಲಿಂದ ಬರುತ್ತದೆ?

ಇಂಜಿನ್ ಒಳಗೆ ಇಂಧನ ಉರಿದು, ಬಿಸಿ ಹೊಗೆ ಒತ್ತಡದಿಂದ ಹೊರಗೆ ನುಗ್ಗುತ್ತದೆ. ಪ್ರತಿ ನುಗ್ಗಾಟವೂ ಒಂದು ಹೊಡೆತ. ನಾಲ್ಕು ಸಿಲಿಂಡರ್ ಕಾರು 2000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ ಸುಮಾರು 66 ಹೊಡೆತ. ಮೂರು ಸಿಲಿಂಡರ್ ಟ್ರ್ಯಾಕ್ಟರ್ ಆದರೆ 50. ಒಂದೇ ಸಿಲಿಂಡರ್ ಬೈಕ್ ಆದರೆ 16–17. ಅದಕ್ಕೇ ಒಂದೊಂದು ಗಾಡಿಗೆ ಒಂದೊಂದು ಧ್ವನಿ.

ಸೈಲೆನ್ಸರ್ ಡಬ್ಬಿಯೊಳಗೆ ಕೋಣೆಗಳು, ತೂತು ಕೊರೆದ ಕೊಳವೆಗಳು ಇರುತ್ತವೆ. ಹೊಡೆತ ಅಲ್ಲಿ ಹರಡಿ, ಒಂದಕ್ಕೊಂದು ಬಡಿದು ಬಲ ಕಳೆದುಕೊಳ್ಳುತ್ತದೆ. ನಡುವೆ ಎಲ್ಲೇ ಸೋರಿಕೆ ಆದರೂ ಹೊಡೆತ ಅಲ್ಲಿಂದಲೇ ಹೊರಗೆ ಬೀಳುತ್ತದೆ, ಶಬ್ದ ಬದಲಾಗುತ್ತದೆ.

ತುಕ್ಕು ಹೊರಗಿನ ಕೆಸರಿನಿಂದ ಮಾತ್ರ ಬರುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್‌ನಷ್ಟು ನೀರು ಆವಿಯಾಗಿ ಹೊಗೆಯ ಜೊತೆ ಬರುತ್ತದೆ. ಮನೆಯಿಂದ ಹೊಲಕ್ಕೆ ಎರಡು ಕಿಲೋಮೀಟರ್ ಹೋಗಿ ನಿಲ್ಲಿಸಿದರೆ ಡಬ್ಬಿ ಪೂರ್ತಿ ಬಿಸಿಯಾಗುವುದಿಲ್ಲ, ನೀರು ಒಳಗೇ ಉಳಿದು ತುಕ್ಕು ಹಿಡಿಸುತ್ತದೆ. ಕೆಲವು ಡಬ್ಬಿಗಳ ಕೆಳಗೆ ಸಣ್ಣ ತೂತು ಇರುವುದು ಈ ನೀರು ಇಳಿಯಲಿ ಅಂತ. ಸೋರಿಕೆ ಅಂದುಕೊಂಡು ಅದನ್ನು ವೆಲ್ಡಿಂಗ್ ಮಾಡಿ ಮುಚ್ಚಬ್ಯಾಡ್ರಿ.

ಯಾವ ಶಬ್ದಕ್ಕೆ ಯಾವ ಕಾರಣ?

1. ಟಿಕ್ ಟಿಕ್: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಂದು, ಬಿಸಿಯಾದ ಮೇಲೆ ಕಡಿಮೆಯಾದರೆ ಇಂಜಿನ್ ಪಕ್ಕದ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ನೋಡ್ರಿ. ಲೋಹ ಬಿಸಿಗೆ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ.
2. ಗುಡುಗುಡು ದಪ್ಪ ಶಬ್ದ: ಡಬ್ಬಿಯಲ್ಲಿ ಅಥವಾ ಪೈಪಿನಲ್ಲಿ ತೂತು.
3. ಗಲಗಲ, ತಗಡು ಅಲುಗಿದ ಶಬ್ದ: ಬಿಸಿ ತಡೆಯುವ ತಗಡು ಸಡಿಲಾಗಿರಬಹುದು, ಡಬ್ಬಿಯ ಒಳಗಿನ ತಟ್ಟೆ ಮುರಿದಿರಬಹುದು.
4. ಗುಂಡಿಗೆ ಇಳಿದಾಗ ಧಡ್ ಅನ್ನುವುದು: ಪೈಪ್ ನೇತುಹಾಕಿದ ರಬ್ಬರ್ ಹರಿದಿದೆ.
5. ಉಸ್ ಅನ್ನುವ ಶಬ್ದ: ಜಾಯಿಂಟ್‌ನಲ್ಲಿ ಸಣ್ಣ ಸಂದು. ಟರ್ಬೊ ಗಾಡಿಯಲ್ಲಿ ಗಾಳಿ ಒಯ್ಯುವ ಹೋಸ್ ಸೀಳಿದರೂ ಇದೇ ಶಬ್ದ ಬರುತ್ತದೆ.
6. ಶಬ್ದ ಅಡಗಿ, ಎಳೆತವೂ ಕಮ್ಮಿ: ಪೈಪ್ ಕಟ್ಟಿಕೊಂಡಿದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಪೈಪಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು, ಇಲಿ ಹುಲ್ಲು ತುರುಕಿರಬಹುದು.

ಸೋರಿಕೆ ಜಾಗ ಹುಡುಕಲು ಇಂಜಿನ್ ತಣ್ಣಗಿದ್ದಾಗಲೇ ಜಾಯಿಂಟ್‌ಗಳ ಸುತ್ತ ಕಪ್ಪು ಮಸಿ ನೋಡ್ರಿ. ಮಸಿ ಇದ್ದ ಕಡೆ ಸೋರಿಕೆ. ಆಮೇಲೆ ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ, ಒಬ್ಬರು ಸ್ಟಾರ್ಟ್ ಮಾಡಿದ ಕೂಡಲೇ ಇನ್ನೊಬ್ಬರು ಪಕ್ಕದಿಂದ ನೋಡಬೇಕು. ಗುಳ್ಳೆ ಎದ್ದ ಕಡೆ ಸಂದು ಐತಿ. ಈ ಪರೀಕ್ಷೆಗೆ ಗಾಡಿ ಕೆಳಗೆ ಹೋಗಬ್ಯಾಡ್ರಿ, ಒಂದು ನಿಮಿಷದೊಳಗೆ ಇಂಜಿನ್ ಬಂದ್ ಮಾಡ್ರಿ.

ಮೊಬೈಲ್ ಹೀಗೆ ಬಳಸ್ರಿ

ಗಾಡಿ ಚೆನ್ನಾಗಿರುವಾಗಲೇ ಅದರ ಶಬ್ದ ರೆಕಾರ್ಡ್ ಮಾಡಿ ಇಟ್ಟುಕೊಳ್ರಿ. ಒಮ್ಮೆ ತಣ್ಣಗಿದ್ದಾಗ, ಒಮ್ಮೆ ಬಿಸಿಯಾದ ಮೇಲೆ. ಪೈಪಿನ ಬಾಯಿಯಿಂದ ನಾಲ್ಕು ಹೆಜ್ಜೆ ಪಕ್ಕಕ್ಕೆ ನಿಂತು, ಪ್ರತಿಸಲ ಅದೇ ಜಾಗದಿಂದ ಮಾಡಬೇಕು. ಸಂಶಯ ಬಂದಾಗ ಹಳೆಯದನ್ನೂ ಹೊಸದನ್ನೂ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಮೆಕ್ಯಾನಿಕ್‌ಗೆ ವಾಟ್ಸಾಪ್‌ನಲ್ಲಿ ಕಳಿಸಿದರೆ ಅವರೂ ಅಂದಾಜು ಹೇಳಬಲ್ಲರು. ಡೆಸಿಬಲ್ ಅಳೆಯುವ ಆ್ಯಪ್‌ಗಳು ಹೋಲಿಕೆಗೆ ಸಾಕು, ಅಧಿಕೃತ ಅಳತೆ ಅಲ್ಲ.

ಮನೆಯಲ್ಲೇ ಮಾಡಬಹುದಾದದ್ದು

ಮೊದಲು ಇಂಜಿನ್ ಬಂದ್ ಮಾಡಿ ಎರಡು ತಾಸು ಬಿಡ್ರಿ. ಗಾಡಿ ಸಮತಟ್ಟಾದ ಗಟ್ಟಿ ನೆಲದಲ್ಲಿ ಇರಲಿ, ಗಾಲಿಗೆ ಕಲ್ಲು ಕೊಡ್ರಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಎಂದೂ ಹೋಗಬ್ಯಾಡ್ರಿ. ಜಾಕ್ ಜಾರಿದರೆ ಎದ್ದು ಬರುವಷ್ಟು ಸಮಯ ಸಿಗುವುದಿಲ್ಲ. ಸ್ಟ್ಯಾಂಡ್ ಬೇಕೇ ಬೇಕು. ತುಕ್ಕು ಕಣ್ಣಿಗೆ ಬೀಳುತ್ತದೆ, ಕನ್ನಡಕ ಹಾಕ್ರಿ.

- ರಬ್ಬರ್ ಬದಲಿಸುವುದು: ಸೋಪಿನ ನೀರು ಹಚ್ಚಿದರೆ ಹಳೆಯದು ಜಾರಿ ಬರುತ್ತದೆ. ಅದೇ ಅಳತೆಯ ಹೊಸದು ಹಾಕ್ರಿ. ತಂತಿ ಬಿಗಿದರೆ ಇಂಜಿನ್ ನಡುಕ ನೇರ ಪೈಪಿಗೆ ಹೋಗಿ ಇನ್ನೊಂದು ಕಡೆ ಸೀಳುತ್ತದೆ.
- ಕ್ಲ್ಯಾಂಪ್, ಬೋಲ್ಟ್ ಬಿಗಿಯುವುದು: ತುಕ್ಕು ಹಿಡಿದ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡ್ರಿ. ಎರಡೂ ಬೋಲ್ಟ್ ಸ್ವಲ್ಪ ಸ್ವಲ್ಪವಾಗಿ ಸಮನಾಗಿ ಬಿಗಿಯಬೇಕು.
- ಸಣ್ಣ ತೂತು ಮುಚ್ಚುವುದು: ತಂತಿ ಬ್ರಶ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಸೈಲೆನ್ಸರ್‌ಗೆಂದೇ ಸಿಗುವ ಪೇಸ್ಟ್ ಹಚ್ಚಿ, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಒಣಗಿಸ್ರಿ. ನೀರಿನ ಪೈಪಿಗೆ ಹಚ್ಚುವ ಸಾಮಾನ್ಯ ಅಂಟು ಈ ಬಿಸಿಗೆ ನಿಲ್ಲುವುದಿಲ್ಲ. ಪೇಸ್ಟ್ ಕೂಡ ಕೆಲವು ತಿಂಗಳ ಮಾತು. ಬೆರಳು ತೂರುವಷ್ಟು ತೂತಿದ್ದರೆ ಆ ಭಾಗ ಬದಲಿಸುವುದೇ ಸರಿ.

ವೆಲ್ಡಿಂಗ್, ಮ್ಯಾನಿಫೋಲ್ಡ್ ಬಿಚ್ಚುವುದು, ಸೆನ್ಸರ್ ಇರುವ ಭಾಗ ಇವನ್ನು ಮೆಕ್ಯಾನಿಕ್‌ಗೆ ಬಿಡ್ರಿ. ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿ ತಂತಿ ಬಿಚ್ಚಿಸ್ರಿ, ಇಲ್ಲದಿದ್ದರೆ ಗಾಡಿಯ ಕಂಪ್ಯೂಟರ್ ಸುಟ್ಟು ಹೋದೀತು. ಬದಲಿಸಿದ ಹಳೇ ಭಾಗ ಕೇಳಿ ಪಡೆಯಿರಿ. ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹ ಇರುತ್ತದೆ.

ಸೋರುವ ಹೊಗೆ ಹಗುರವಾಗಿ ತಗೋಬ್ಯಾಡ್ರಿ

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಾರಿನ ಕೆಳಗೆ ಸೋರಿದರೆ ನೆಲದ ಸಂದಿನಿಂದ ಒಳಗೆ ಬರಬಹುದು. ತಲೆನೋವು, ತಲೆ ತಿರುಗುವುದು, ವಾಕರಿಕೆ ಬಂದರೆ ಗಾಡಿ ನಿಲ್ಲಿಸಿ ಬಯಲಿಗೆ ಬಂದು, ಆಸ್ಪತ್ರೆಗೆ ಹೋಗ್ರಿ. ಬಾಗಿಲು ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಓಡಿಸಬ್ಯಾಡ್ರಿ. ಪರೀಕ್ಷೆಗಾದರೂ ಗಾಡಿಯನ್ನು ಹೊರಗೆ ತನ್ನಿ.

ಎರಡನೆಯದು ಬೆಂಕಿ. ಭತ್ತದ ಹುಲ್ಲು ಹೇರುವಾಗ ಬಿಸಿ ಪೈಪಿಗೆ ಒಣ ಹುಲ್ಲು ಸಿಕ್ಕರೆ ಕಿಡಿಯೇ ಬೇಕಾಗಿಲ್ಲ. ಹೊಸ ಡೀಸೆಲ್ ಗಾಡಿಗಳಲ್ಲಿ ಹಲವಕ್ಕೆ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಇದೆ. ಅದು ಆಗಾಗ ತನ್ನೊಳಗಿನ ಮಸಿ ಸುಟ್ಟುಕೊಳ್ಳುತ್ತದೆ. ಆಗ ಐಡಲಿಂಗ್ ಏರುತ್ತದೆ, ಸುಟ್ಟ ವಾಸನೆ ಬರುತ್ತದೆ, ಶಬ್ದವೂ ದಪ್ಪ ಆಗಬಹುದು. ಇದು ರಿಪೇರಿ ಅಲ್ಲ. ಹುಲ್ಲಿನ ಮೇಲೆ ಮಾತ್ರ ಆಗ ಗಾಡಿ ನಿಲ್ಲಿಸಬ್ಯಾಡ್ರಿ. ಫಿಲ್ಟರ್ ಒಳಗೆ ಬಿಸಿ 600 ಡಿಗ್ರಿ ಹತ್ತಿರ ಹೋಗುತ್ತದೆ.

"ಸೈಲೆನ್ಸರ್ ತೆಗೆದರೆ ಪವರ್ ಬರತೈತಿ" ಹೌದಾ?

ಕಂಪನಿಯವರು ಇಂಜಿನ್, ಇಂಧನ, ಪೈಪಿನ ಅಳತೆ ಎಲ್ಲ ಸೇರಿಸಿ ಲೆಕ್ಕ ಹಾಕಿರುತ್ತಾರೆ. ಪೈಪ್ ಒಂದನ್ನೇ ಬದಲಿಸಿದರೆ ಕಿವಿಗೆ ಜೋರು ಕೇಳಿಸುತ್ತದೆ, ಎಳೆತ ಹೆಚ್ಚಿದಂತೆ ಅನಿಸುತ್ತದೆ, ಅಷ್ಟೇ. ಕಡಿಮೆ ವೇಗದಲ್ಲಿ ಎಳೆತ ಕುಗ್ಗುವುದೂ ಉಂಟು. ಟ್ರೇಲರ್ ಎಳೆಯುವವರಿಗೆ ಬೇಕಾದದ್ದೇ ಆ ಎಳೆತ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಯಲ್ಲಿ ಕನ್ವರ್ಟರ್ ತೆಗೆದರೆ ಸೆನ್ಸರ್ ತಪ್ಪು ಓದಿ, ಮೀಟರ್‌ನಲ್ಲಿ ಇಂಜಿನ್ ದೀಪ ಹತ್ತುತ್ತದೆ. ಹೊಗೆ ತಪಾಸಣೆಯಲ್ಲೂ ಫೇಲ್ ಆಗಬಹುದು.

ಕಾನೂನು ಏನು ಹೇಳುತ್ತದೆ? ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 120ನೇ ನಿಯಮದ ಪ್ರಕಾರ ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಲೇಬೇಕು. "ಕೃಷಿ ಟ್ರ್ಯಾಕ್ಟರ್ ಕೂಡ" ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಹೊಲದ ಗಾಡಿ ಅಂತ ವಿನಾಯಿತಿ ಇಲ್ಲ. ಶಬ್ದ, ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಮೂರು ತಿಂಗಳು ಲೈಸೆನ್ಸ್‌ಗೂ ಕುತ್ತು. ರಾಜ್ಯದ ಹಲವು ಪಟ್ಟಣಗಳಲ್ಲಿ ಪೊಲೀಸರು ಇಂಥ ಸೈಲೆನ್ಸರ್‌ಗಳನ್ನು ಕಿತ್ತು, ಸಾಲಾಗಿ ಇಟ್ಟು ರೋಡ್ ರೋಲರ್ ಹರಿಸಿದ್ದಾರೆ. ಅಪಘಾತ ಆದರೆ ವಿಮೆಯವರು ತಕರಾರು ತೆಗೆಯಲು ಇದೂ ಒಂದು ಕಾರಣ ಆಗುತ್ತದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಕಿವಿಗೆ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಕೇಳಬಾರದು. ಪ್ರತಿ 3 ಡೆಸಿಬಲ್ ಏರಿದಾಗ ಈ ಸಮಯ ಅರ್ಧ ಆಗುತ್ತದೆ. 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡೇ ತಾಸು. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ ಸೈಲೆನ್ಸರ್ ಸರಿ ಇದ್ದಾಗಲೇ ಚಾಲಕನ ಕಿವಿಗೆ 90ರ ಆಸುಪಾಸು ಶಬ್ದ ಕೊಡುತ್ತದೆ. ಅದನ್ನೂ ತೆಗೆದು ದಿನವಿಡೀ ರಂಟೆ ಹೊಡೆದರೆ ಲೆಕ್ಕ ನೀವೇ ಹಾಕ್ರಿ. ಹೀಗೆ ಹೋದ ಕಿವಿ ಔಷಧದಿಂದ ವಾಪಸ್ ಬರುವುದಿಲ್ಲ. ಟ್ರ್ಯಾಕ್ಟರ್ ಮೇಲೆ ಕೂರುವ ಮೊದಲು ಕಿವಿಗೆ ಇಯರ್ ಪ್ಲಗ್ ಹಾಕ್ರಿ. ಹಾಡು ಕೇಳುವ ಇಯರ್ ಫೋನ್ ಅದರ ಬದಲಿ ಅಲ್ಲ.

ಈ ವಾರದ ಕೆಲಸ

ಸುಗ್ಗಿ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಹದಿನೈದು ನಿಮಿಷ ಕೊಡ್ರಿ. ಮಸಿ ನೋಡ್ರಿ, ರಬ್ಬರ್ ನೋಡ್ರಿ, ಬೋಲ್ಟ್ ಬಿಗಿ ನೋಡ್ರಿ, ಶಬ್ದ ರೆಕಾರ್ಡ್ ಮಾಡ್ರಿ. ಇಂದು ಒಂದು ಕ್ಲ್ಯಾಂಪಿನಲ್ಲಿ ಮುಗಿಯುವ ಕೆಲಸವನ್ನು ಮುಂದೂಡಿದರೆ, ಹೇರು ಹೊತ್ತ ದಿನವೇ ದಾರಿಯಲ್ಲಿ ಪೈಪ್ ಕಳಚಿ ಬೀಳುತ್ತದೆ.